ಇಂಗ್ಲಿಷ್ ಭಾಷಾವಿಜ್ಞಾನದಲ್ಲಿ ಎಂ.ಎ.: ಓದುಗರ ಪ್ರಶ್ನೆ, ನಮ್ಮ ಉತ್ತರ

ಪದವಿ ಮುಗಿಸಿದವರಿಂದ ಮತ್ತು ಈಗಾಗಲೇ ಎಂ.ಎ. ಸೇರಿದವರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೇವೆ.

ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಓದಿದ್ದೇನೆ. ಕಾವ್ಯ, ಕಾದಂಬರಿಗಿಂತ ವ್ಯಾಕರಣ ಮತ್ತು ಉಚ್ಚಾರಣೆಯ ಪಾಠಗಳೇ ಹೆಚ್ಚು ಇಷ್ಟ. ಎಂ.ಎ. ಇಂಗ್ಲಿಷ್ ಸೇರಲೇ, ಎಂ.ಎ. ಭಾಷಾವಿಜ್ಞಾನ ಸೇರಲೇ? ಮುಂದೆ ಕಾಲೇಜಿನಲ್ಲಿ ಪಾಠ ಮಾಡುವ ಆಸೆಯಿದೆ. (ಹಾವೇರಿ)

ನಿಮ್ಮ ಕೊನೆಯ ವಾಕ್ಯದಿಂದಲೇ ಶುರು ಮಾಡೋಣ, ಏಕೆಂದರೆ ಬಹಳ ಮಂದಿ ಎಡವುವುದು ಅಲ್ಲೇ. ಪದವಿ ಕಾಲೇಜಿನ ಇಂಗ್ಲಿಷ್ ಅಧ್ಯಾಪಕ ಹುದ್ದೆಗೆ ಅರ್ಜಿ ಕರೆದಾಗ ಸ್ನಾತಕೋತ್ತರ ಪದವಿ ಯಾವ ವಿಷಯದಲ್ಲಿ ಆಗಿರಬೇಕು ಎಂದು ಅಧಿಸೂಚನೆಯಲ್ಲಿ ಬರೆದಿರುತ್ತದೆ. ಅಂಕಪಟ್ಟಿಯ ಮೇಲೆ ‘ಭಾಷಾವಿಜ್ಞಾನ’ ಎಂದಿದ್ದರೆ, ನೀವು ನಾಲ್ಕೂ ಸೆಮಿಸ್ಟರ್ ಇಂಗ್ಲಿಷನ್ನೇ ವಿಶ್ಲೇಷಿಸಿದ್ದರೂ, ಇಂಗ್ಲಿಷ್ ಹುದ್ದೆಗೆ ಅರ್ಹತೆ ಸಿಗದೆ ಹೋಗಬಹುದು. ಅಧ್ಯಾಪಕರ ಅರ್ಹತೆಗೆ ನಡೆಯುವ ಯುಜಿಸಿ ನೆಟ್ ಪರೀಕ್ಷೆಯಲ್ಲೂ ಇಂಗ್ಲಿಷ್ ಮತ್ತು ಭಾಷಾವಿಜ್ಞಾನ ಎರಡು ಬೇರೆ ವಿಷಯಗಳು. ಹಾಗಾಗಿ ಸೇರುವ ಮೊದಲು ಹಿಂದಿನ ಎರಡು ಮೂರು ನೇಮಕಾತಿ ಅಧಿಸೂಚನೆಗಳನ್ನು ತೆರೆದು ವಿದ್ಯಾರ್ಹತೆಯ ಕಲಂ ಓದಿ. ಅರ್ಧ ಗಂಟೆಯ ಕೆಲಸ.

‘ಇಂಗ್ಲಿಷ್ ಲಿಂಗ್ವಿಸ್ಟಿಕ್ಸ್’ ಎಂಬ ಹೆಸರಿನಲ್ಲೇ ಪದವಿ ಕೊಡುವ ರೂಢಿ ಹೆಚ್ಚಾಗಿ ಯುರೋಪಿನದು. ಭಾಷಾವಿದ ರ್‍ಯಾಂಡಾಲ್ಫ್ ಕ್ವರ್ಕ್ 1959ರಲ್ಲಿ ಶುರು ಮಾಡಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬೆಳೆಸಿದ ಇಂಗ್ಲಿಷ್ ಬಳಕೆಯ ಸಮೀಕ್ಷೆಯಂಥ ಕೆಲಸಗಳಿಂದ ಅಲ್ಲಿ ಈ ಶಾಖೆ ಗಟ್ಟಿಯಾಯಿತು. ನಮ್ಮಲ್ಲಿ ಅದೇ ಪಠ್ಯ ಎರಡು ಹೋಳಾಗಿದೆ. ಎಂ.ಎ. ಇಂಗ್ಲಿಷಿನಲ್ಲಿ ಸಾಹಿತ್ಯದ ಪತ್ರಿಕೆಗಳ ನಡುವೆ ಒಂದೋ ಎರಡೋ ಭಾಷಾ ಪತ್ರಿಕೆಗಳಿರುತ್ತವೆ. ಎಂ.ಎ. ಭಾಷಾವಿಜ್ಞಾನದಲ್ಲಿ ಧ್ವನಿ, ಪದ, ವಾಕ್ಯ, ಅರ್ಥ ಎಲ್ಲವೂ ಇರುತ್ತವೆ, ಆದರೆ ಉದಾಹರಣೆಗೆ ಎಲ್ಲ ಭಾಷೆಗಳೂ ಬರುತ್ತವೆ. ಎರಡೂ ಒಂದೇ ಕಡೆ ಸಿಗುವ ಹತ್ತಿರದ ಜಾಗವೆಂದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ. 1958ರಲ್ಲಿ ಇಂಗ್ಲಿಷ್ ಬೋಧನೆಯ ಕೇಂದ್ರ ಸಂಸ್ಥೆಯಾಗಿ ಹುಟ್ಟಿ 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾದ ಸಂಸ್ಥೆ ಅದು. ಭಾರತೀಯರ ಇಂಗ್ಲಿಷ್ ಉಚ್ಚಾರಣೆ ಎಷ್ಟು ಅರ್ಥವಾಗುತ್ತದೆ ಎಂಬ ಆರ್.ಕೆ. ಬನ್ಸಾಲ್ ಅವರ ಅಧ್ಯಯನ 1969ರಲ್ಲಿ ಪ್ರಕಟವಾದದ್ದೂ ಅಲ್ಲಿಂದಲೇ. ಹೈದರಾಬಾದ್ ವಿಶ್ವವಿದ್ಯಾಲಯ, ಉಸ್ಮಾನಿಯಾ, ಪುಣೆಯ ಡೆಕ್ಕನ್ ಕಾಲೇಜು, ಅಣ್ಣಾಮಲೈ, ದೆಹಲಿಯ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಭಾಷಾವಿಜ್ಞಾನಕ್ಕೆ ಹೆಸರಾದವು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ. ಅದು ಮುಖ್ಯವಾಗಿ ಸಂಶೋಧನಾ ಸಂಸ್ಥೆ, ಆದರೆ ಅಲ್ಲಿನ ಗ್ರಂಥಾಲಯ ಮತ್ತು ಕಾರ್ಯಾಗಾರಗಳು ವಿದ್ಯಾರ್ಥಿಗಳಿಗೆ ದೊಡ್ಡ ಆಸರೆ.

ನಮ್ಮ ಸಲಹೆ: ಅಧ್ಯಾಪಕ ಹುದ್ದೆಯೇ ಗುರಿಯಾದರೆ ಎಂ.ಎ. ಇಂಗ್ಲಿಷ್ ಸೇರಿ, ಭಾಷೆಯ ಐಚ್ಛಿಕ ಪತ್ರಿಕೆಗಳನ್ನು ಬಿಡದೆ ತೆಗೆದುಕೊಂಡು, ಕೊನೆಯ ಸೆಮಿಸ್ಟರಿನ ಡಿಸರ್ಟೇಷನ್ನನ್ನು ಭಾಷಾವಿಜ್ಞಾನದಲ್ಲೇ ಮಾಡಿ. ಸಂಶೋಧನೆ ಅಥವಾ ಭಾಷಾ ತಂತ್ರಜ್ಞಾನದ ಕಡೆ ಮನಸ್ಸಿದ್ದರೆ ಯೋಚಿಸಬೇಡಿ, ಭಾಷಾವಿಜ್ಞಾನವೇ ಸರಿ.

ಬಿ.ಎಸ್ಸಿ. ಓದಿದವಳು. ಭಾಷಾವಿಜ್ಞಾನಕ್ಕೆ ಅರ್ಜಿ ಹಾಕಬಹುದೇ? ಪ್ರವೇಶ ಪರೀಕ್ಷೆಗೆ ಮೂರು ತಿಂಗಳಿದೆ. (ಕುಂದಾಪುರ)

ಬಹಳಷ್ಟು ಕಡೆ ಯಾವ ಪದವಿಯಾದರೂ ನಡೆಯುತ್ತದೆ. ಎಂ.ಎ. ಇಂಗ್ಲಿಷ್‌ಗಿಂತ ಈ ವಿಷಯದಲ್ಲಿ ಭಾಷಾವಿಜ್ಞಾನ ಉದಾರ. ಗಣಿತ, ವಿಜ್ಞಾನ ಓದಿದವರಿಗೆ ಇಲ್ಲಿ ಒಂದು ಅನುಕೂಲವೂ ಇದೆ. ಪರೀಕ್ಷೆಯಲ್ಲಿ ನೆನಪಿಗಿಂತ ದತ್ತಾಂಶ ಬಿಡಿಸುವ ಲೆಕ್ಕಗಳು ಬರುತ್ತವೆ, ಅವುಗಳ ಮನೋಧರ್ಮ ನಿಮಗೆ ಹೊಸದಲ್ಲ.

ಹಲವು ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ ನಡೆಯುವ ಸಾಮಾನ್ಯ ಪರೀಕ್ಷೆ ಸಿಯುಇಟಿ ಪಿಜಿ ಬರೆಯುವವರು ಗಮನಿಸಬೇಕಾದ್ದು: ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಮೊದಲ ತಿಂಗಳು ಧ್ವನಿವಿಜ್ಞಾನಕ್ಕೆ ಕೊಡಿ. ಬಾಯೊಳಗಿನ ಸ್ಥಾನಗಳು, ಘೋಷ (ಗಂಟಲು ಕಂಪಿಸುವ ಧ್ವನಿ) ಮತ್ತು ಅಘೋಷ (ಕಂಪಿಸದ ಧ್ವನಿ), ನಾಲಗೆಯ ಸ್ಥಾನ ತೋರಿಸುವ ಸ್ವರಗಳ ಚೌಕ ಇವು ಕೈಯಳತೆಯಲ್ಲಿರಬೇಕು. ಕನ್ನಡ ವರ್ಣಮಾಲೆ ಬಲ್ಲವರಿಗೆ ಅರ್ಧ ಕೆಲಸ ಆಗಿಹೋಗಿದೆ. ಕವರ್ಗದಿಂದ ಪವರ್ಗದವರೆಗೆ ನಮ್ಮ ಅಕ್ಷರಗಳು ಗಂಟಲಿನಿಂದ ತುಟಿಯ ಕಡೆಗೆ ಸಾಲಾಗಿ ನಿಂತಿವೆ, ಪ್ರತಿ ಸಾಲಿನಲ್ಲೂ ಅಘೋಷ, ಘೋಷ, ಅನುನಾಸಿಕ ಎಂಬ ಕ್ರಮವಿದೆ. ಎರಡನೆಯ ತಿಂಗಳು ಪದರಚನೆಗೆ. ‘ಮನೆಯಲ್ಲಿ, ಮರದಲ್ಲಿ, ಊರಿನಲ್ಲಿ’ ಎಂಬ ಮೂರು ರೂಪ ಬರೆದು ‘ಅಲ್ಲಿ’ಯನ್ನು ಕತ್ತರಿಸಿ, ನಡುವೆ ಉಳಿಯುವ ಯ, ದ, ಇನ್ ಯಾವ ನಾಮಪದಕ್ಕೆ ಯಾವುದು, ಏಕೆ ಎಂದು ನಿಯಮ ಬರೆಯಿರಿ. ಪರೀಕ್ಷೆಯಲ್ಲಿ ಭಾಷೆ ಅಪರಿಚಿತವಾಗಿರುತ್ತದೆ, ವಿಧಾನ ಇದೇ. ಮೂರನೆಯ ತಿಂಗಳು ಹಳೆಯ ಪ್ರಶ್ನೆಪತ್ರಿಕೆಗಳು. ಇ-ಪಿಜಿ ಪಾಠಶಾಲಾ ಎಂಬ ಜಾಲತಾಣದಲ್ಲಿ ಭಾಷಾವಿಜ್ಞಾನದ ಪಾಠಗಳು ಉಚಿತವಾಗಿವೆ. ಕೋಚಿಂಗ್‌ಗೆ ದುಡ್ಡು ಸುರಿಯುವ ಮುನ್ನ ಅವನ್ನು ನೋಡಿ.

ಮೊದಲ ಸೆಮಿಸ್ಟರಿನ ಫೊನೆಟಿಕ್ಸ್ ಟ್ರಾನ್ಸ್‌ಕ್ರಿಪ್ಷನ್‌ನಲ್ಲಿ 20ಕ್ಕೆ 7 ಬಂದಿದೆ. ಕಿವಿಗೆ ಸರಿಯಾಗಿ ಕೇಳಿಸುತ್ತದೆ, ಬರೆಯುವಾಗ ತಪ್ಪುತ್ತದೆ. (ತುಮಕೂರು)

ಟ್ರಾನ್ಸ್‌ಕ್ರಿಪ್ಷನ್ ಎಂದರೆ ಕೇಳಿದ ಉಚ್ಚಾರಣೆಯನ್ನು ಧ್ವನಿಲಿಪಿಯಲ್ಲಿ ಬರೆಯುವುದು. ಅದರಲ್ಲಿ ಎಡವುವುದು ಕಿವಿಯ ದೋಷವಲ್ಲ. ಬರೆದಂತೆ ಓದುವ ಲಿಪಿಯಲ್ಲಿ ಬೆಳೆದ ಕಣ್ಣು ಇಂಗ್ಲಿಷ್ ಕಾಗುಣಿತವನ್ನೂ ನಂಬಿಬಿಡುತ್ತದೆ, ಅಷ್ಟೆ. ಕನ್ನಡಿಗರು ತಪ್ಪುವ ಜಾಗಗಳು ಬೆರಳೆಣಿಕೆಯಷ್ಟು. ಅವನ್ನು ಒಂದೊಂದಾಗಿ ಸರಿಪಡಿಸಿದರೆ 7 ಅಂಕ 15 ಆಗುವುದು ಕಷ್ಟವಲ್ಲ.

ಮೊದಲನೆಯದು ಚಿಹ್ನೆಗಳ ಗೊಂದಲ. ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ‘ಜೆ’ ಅಕ್ಷರ ಸೂಚಿಸುವುದು ಯಕಾರವನ್ನು, ಜಕಾರವನ್ನಲ್ಲ. ‘ಯೆಸ್’ ಪದವನ್ನು ‘ವೈ’ ಅಕ್ಷರದಿಂದ ಶುರು ಮಾಡಿದರೆ ಮೌಲ್ಯಮಾಪಕರ ಕಣ್ಣಿಗೆ ಅದು ತುಟಿ ದುಂಡಗೆ ಮಾಡಿ ಹೇಳುವ ಒಂದು ಮುಂಭಾಗದ ಸ್ವರ. ಈ ಒಂದೇ ತಪ್ಪಿಗೆ ಎರಡು ಮೂರು ಅಂಕ ಹೋಗುವುದನ್ನು ಪ್ರತಿ ವರ್ಷ ಕಾಣುತ್ತೇವೆ.

ಎರಡನೆಯದು ಅನುನಾಸಿಕ ಙ. ಕನ್ನಡದಲ್ಲಿ ಅದು ಕ, ಗ ಅಕ್ಷರಗಳಿಗೆ ಮೊದಲು ಮಾತ್ರ ಬರುತ್ತದೆ: ಅಂಕ, ರಂಗ. ಹಾಗಾಗಿ ‘ಸಿಂಗ್’ ಎಂದಾಗಲೂ ನಾವು ಕೊನೆಗೆ ಗಕಾರ ಸೇರಿಸುತ್ತೇವೆ. ನಿಘಂಟು ಕೊಡುವ ಬ್ರಿಟಿಷ್ ಉಚ್ಚಾರಣೆಯಲ್ಲಿ ಆ ಪದ ಙಕಾರಕ್ಕೇ ನಿಲ್ಲುತ್ತದೆ. ‘ಹಾಡುಗಾರ’ ಎಂಬರ್ಥದ ‘ಸಿಂಗರ್’ನಲ್ಲಿ ಗ ಇಲ್ಲ, ‘ಬೆರಳು’ ಎಂಬರ್ಥದ ‘ಫಿಂಗರ್’ನಲ್ಲಿ ಇದೆ. ಒಂದರಲ್ಲಿ ಕ್ರಿಯಾಪದಕ್ಕೆ ಪ್ರತ್ಯಯ ಸೇರಿದೆ, ಇನ್ನೊಂದು ಇಡಿಯ ಪದ.

ಮೂರನೆಯದು ಭೂತಕಾಲದ ‘ಇ-ಡಿ’. ಕಾಗುಣಿತ ಒಂದೇ, ಉಚ್ಚಾರಣೆ ಮೂರು. ಅಘೋಷ ಧ್ವನಿಯ ನಂತರ ಟ್ ಎಂದಾಗುತ್ತದೆ: ‘ಲುಕ್ಟ್’. ಘೋಷ ಧ್ವನಿ ಅಥವಾ ಸ್ವರದ ನಂತರ ಡ್: ‘ಬೆಗ್ಡ್’. ಧಾತು ಟ್ ಅಥವಾ ಡ್‌ನಲ್ಲೇ ಮುಗಿದರೆ ಮಾತ್ರ ಪೂರ್ತಿ ಒಂದು ಅಕ್ಷರ ಹೆಚ್ಚುತ್ತದೆ: ‘ವಾಂಟಿಡ್’. ಬಹುವಚನದ ‘ಎಸ್’ ಕೂಡ ಇದೇ ದಾರಿಯಲ್ಲಿ ಸ್, ಜ್‌ನಂಥ ಘೋಷ ಧ್ವನಿ, ‘ಇಜ್’ ಎಂದು ಮೂರಾಗುತ್ತದೆ.

ನಾಲ್ಕನೆಯದು ಒತ್ತು (ಪದದ ಒಂದು ಭಾಗವನ್ನು ಹೆಚ್ಚು ಬಲ ಕೊಟ್ಟು ಹೇಳುವುದು) ಮತ್ತು ಅದರ ಬೆನ್ನಿಗಿರುವ ಶ್ವಾ ಎಂಬ ಮಂದ ಸ್ವರ. ಅಂಕಗಳು ಹೆಚ್ಚಾಗಿ ಸೋರುವುದು ಇಲ್ಲೇ. ಕನ್ನಡದಲ್ಲಿ ಒತ್ತು ಬದಲಾದರೆ ಪದದ ಸ್ವರ ಕರಗುವುದಿಲ್ಲ. ಇಂಗ್ಲಿಷಿನಲ್ಲಿ ಒತ್ತಿಲ್ಲದ ಸ್ವರ ಬಹಳ ಸಲ ಶ್ವಾ ಆಗಿಬಿಡುತ್ತದೆ. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲ ಅಕ್ಷರದ ಮೇಲೆ, ‘ಫೋಟಾಗ್ರಫಿ’ಯಲ್ಲಿ ಎರಡನೆಯದರ ಮೇಲೆ, ‘ಫೋಟೊಗ್ರಾಫಿಕ್’ನಲ್ಲಿ ಮೂರನೆಯದರ ಮೇಲೆ. ಒತ್ತು ಸರಿದಂತೆ ‘ಓ’ ಇದ್ದಲ್ಲಿ ಶ್ವಾ, ಶ್ವಾ ಇದ್ದಲ್ಲಿ ಪೂರ್ಣಸ್ವರ. ಆದ್ದರಿಂದ ಮೊದಲು ಒತ್ತಿನ ಗುರುತು ಹಾಕಿ, ಆಮೇಲೆ ಸ್ವರ ಬರೆಯಿರಿ. ಕ್ರಮ ತಿರುವುಮುರುವಾದರೆ ಪ್ರತಿ ಅಕ್ಷರಕ್ಕೂ ತುಂಬು ಸ್ವರ ಬಿದ್ದು ಪದ ಕನ್ನಡದ ಲಯಕ್ಕೆ ಬಂದುಬಿಡುತ್ತದೆ.

ಐದನೆಯದು ಆವರಣಗಳು. ಓರೆಗೆರೆಗಳ ನಡುವೆ ಧ್ವನಿಮಾ (ಪದದ ಅರ್ಥ ಬದಲಿಸಬಲ್ಲ ಧ್ವನಿಘಟಕ), ಚೌಕ ಆವರಣದೊಳಗೆ ಬಾಯಿಂದ ನಿಜವಾಗಿ ಬಂದ ಧ್ವನಿ. ‘ಪಿನ್’ ಎನ್ನುವಾಗ ಇಂಗ್ಲಿಷ್ ಮಾತೃಭಾಷೆಯವರ ಪಕಾರದ ಹಿಂದೆ ಉಸಿರು ನುಗ್ಗುತ್ತದೆ, ‘ಸ್ಪಿನ್’ನಲ್ಲಿ ನುಗ್ಗುವುದಿಲ್ಲ. ಅವರಿಗೆ ಇದು ಅರ್ಥ ಬದಲಿಸದ ವ್ಯತ್ಯಾಸ, ಹಾಗಾಗಿ ಓರೆಗೆರೆಯೊಳಗೆ ಬರೆಯಬಾರದು, ಚೌಕದೊಳಗೆ ಬರೆಯಬೇಕು. ‘ಕರ’ ಮತ್ತು ‘ಖರ’ ಬೇರೆ ಪದಗಳೆಂದು ಕಲಿತವರಿಗೆ ಈ ಉಸಿರು ಬೇಗ ಕಿವಿಗೆ ಬೀಳುತ್ತದೆ. ಅದನ್ನು ಎಲ್ಲಿ ಬರೆಯಬೇಕು ಎಂಬುದಷ್ಟೇ ಕಲಿಯಬೇಕಾದ್ದು.

ಪ್ರಶ್ನೆಯಲ್ಲಿ ಯಾರ ಉಚ್ಚಾರಣೆ ಕೇಳಿದ್ದಾರೆ ಎಂದು ನೋಡಿಕೊಳ್ಳುವುದೂ ಮುಖ್ಯ. ನಿಘಂಟಿನ ಬ್ರಿಟಿಷ್ ಮಾದರಿ ಎಂದರೆ 24 ವ್ಯಂಜನ, 20 ಸ್ವರ. ಸ್ವರ ಮುಂದೆ ಬಂದರೆ ಮಾತ್ರ ರಕಾರ. ಭಾರತೀಯ ಮಾತುಗಾರರೊಬ್ಬರ ಧ್ವನಿಮುದ್ರಿಕೆ ಕೊಟ್ಟು ಬರೆಯಿರಿ ಎಂದರೆ ಮೂರ್ಧನ್ಯ ಟ, ಡ ಚಿಹ್ನೆಗಳೇ ಸರಿ. ಅದನ್ನು ‘ತಿದ್ದಿ’ ಬ್ರಿಟಿಷ್ ಧ್ವನಿ ಬರೆದರೆ ಕೇಳಿಸದ್ದನ್ನು ಬರೆದಂತಾಗುತ್ತದೆ. ಒಂದು ಉತ್ತರದೊಳಗೆ ಎರಡು ಮಾದರಿ ಬೆರೆಸಬೇಡಿ.

ದಿನಕ್ಕೆ 10 ಪದ, 20 ನಿಮಿಷ. ಮೊದಲು ನಿಘಂಟು ಮುಚ್ಚಿಟ್ಟು ಬರೆದು, ಆಮೇಲೆ ತೆರೆದು ಹೋಲಿಸಿ, ತಪ್ಪನ್ನು ಮೇಲಿನ ಐದರಲ್ಲಿ ಯಾವ ಬಗೆಯದು ಎಂದು ಪಕ್ಕದಲ್ಲಿ ಗುರುತಿಸಿ. ಮೂರು ವಾರದಲ್ಲಿ ನಿಮ್ಮ ಸೋರಿಕೆ ಎಲ್ಲಿದೆ ಎಂದು ಆ ಪುಟಗಳೇ ಹೇಳುತ್ತವೆ.

ಸಿಂಟ್ಯಾಕ್ಸ್ ಟ್ರೀ ಬಿಡಿಸಿದರೆ ಪ್ರತಿ ಸಲ ‘ರಾಂಗ್ ಅಟ್ಯಾಚ್‌ಮೆಂಟ್’ ಎಂದು ಬರೆದು ಕೊಡುತ್ತಾರೆ. ಯಾವುದು ಎಲ್ಲಿ ಅಂಟಬೇಕು ಎಂದು ತಿಳಿಯುವುದು ಹೇಗೆ? (ಧಾರವಾಡ)

ವಾಕ್ಯದ ಪದಗಳು ಹೇಗೆ ಗುಂಪುಗೂಡುತ್ತವೆ ಎಂದು ತೋರಿಸುವ ಚಿತ್ರವೇ ಟ್ರೀ, ಅಂದರೆ ಮರ. ಚಿತ್ರ ಮೊದಲು, ಪರೀಕ್ಷೆ ಆಮೇಲೆ ಎಂಬ ಕ್ರಮದಲ್ಲಿ ಹೋಗುತ್ತಿದ್ದೀರಿ ಎಂದು ನಮ್ಮ ಊಹೆ. ಯಾವ ಪದಗಳು ಒಂದು ಗುಂಪು ಎಂದು ಸಾಬೀತು ಮಾಡಿದ ಮೇಲೆಯೇ ಗೆರೆ ಎಳೆಯಬೇಕು.

‘ಷಿ ಹಿಟ್ ದ ಬಾಯ್ ವಿತ್ ದ ಅಂಬ್ರೆಲಾ’ ತೆಗೆದುಕೊಳ್ಳಿ. ಕನ್ನಡಕ್ಕೆ ತಂದ ಕೂಡಲೇ ಇದು ಎರಡು ವಾಕ್ಯವಾಗುತ್ತದೆ: ‘ಛತ್ರಿಯಿಂದ ಹುಡುಗನಿಗೆ ಹೊಡೆದಳು’ ಒಂದು, ‘ಛತ್ರಿ ಹಿಡಿದಿದ್ದ ಹುಡುಗನಿಗೆ ಹೊಡೆದಳು’ ಇನ್ನೊಂದು. ಇಂಗ್ಲಿಷಿನಲ್ಲಿ ಒಂದೇ ಸಾಲು, ಎರಡು ಮರ. ಈಗ ‘ಹಿಮ್’ ಎಂಬ ಸರ್ವನಾಮ ಹಾಕಿ ನೋಡಿ. ‘ಷಿ ಹಿಟ್ ಹಿಮ್ ವಿತ್ ದ ಅಂಬ್ರೆಲಾ’ ಎಂದರೆ ಛತ್ರಿ ಹೊಡೆತದ ಸಾಧನ. ಅದು ಕ್ರಿಯಾಪದದ ಗುಂಪಿಗೆ ಅಂಟುತ್ತದೆ. ‘ದ ಬಾಯ್ ವಿತ್ ದ ಅಂಬ್ರೆಲಾ’ ಅಷ್ಟನ್ನೂ ನುಂಗಿ ‘ಷಿ ಹಿಟ್ ಹಿಮ್’ ಎಂದಾದರೆ ಛತ್ರಿ ಹುಡುಗನ ಕೈಯಲ್ಲಿದೆ; ಅದು ನಾಮಪದದ ಗುಂಪಿನೊಳಗೆ. ಕರ್ಮಣಿ ಪ್ರಯೋಗವೂ ಇದನ್ನೇ ಹೇಳುತ್ತದೆ: ‘ದ ಬಾಯ್ ವಾಸ್ ಹಿಟ್ ವಿತ್ ದ ಅಂಬ್ರೆಲಾ’ ಒಂದು ಅರ್ಥ, ‘ದ ಬಾಯ್ ವಿತ್ ದ ಅಂಬ್ರೆಲಾ ವಾಸ್ ಹಿಟ್’ ಇನ್ನೊಂದು.

ಇನ್ನೊಂದು ಜಾರುವ ಜಾಗ: ‘ಷಿ ಲುಕ್ಡ್ ಅಪ್ ದ ನಂಬರ್’ ಮತ್ತು ‘ಷಿ ಲುಕ್ಡ್ ಅಪ್ ದ ಹಿಲ್’. ಮೇಲ್ನೋಟಕ್ಕೆ ಅವಳಿಗಳು. ಆದರೆ ‘ಲುಕ್ಡ್ ದ ನಂಬರ್ ಅಪ್’ ಎನ್ನಬಹುದು, ‘ಲುಕ್ಡ್ ದ ಹಿಲ್ ಅಪ್’ ಎನ್ನುವಂತಿಲ್ಲ. ‘ಅಪ್ ದ ಹಿಲ್ ಷಿ ಲುಕ್ಡ್’ ಆಗುತ್ತದೆ, ‘ಅಪ್ ದ ನಂಬರ್ ಷಿ ಲುಕ್ಡ್’ ಆಗುವುದಿಲ್ಲ. ಅಲ್ಲಿಗೆ ಎರಡನೆಯ ವಾಕ್ಯದಲ್ಲಿ ಮಾತ್ರ ‘ಅಪ್’ ಮುಂದಿನ ನಾಮಪದದ ಜೊತೆ ಸೇರಿ ಒಂದು ಗುಂಪು ಎಂದಾಯಿತು. ಒಂದೇ ಪರೀಕ್ಷೆಗೆ ನಿಲ್ಲಬೇಡಿ. ಕನಿಷ್ಠ ಎರಡು ಒಂದೇ ಉತ್ತರ ಕೊಡಬೇಕು, ಏಕೆಂದರೆ ಬೇರೆ ಕಾರಣಕ್ಕೂ ಒಂದು ಪರೀಕ್ಷೆ ಸೋಲುವುದುಂಟು.

ಅಂಕ ಕಳೆಯುವ ಇನ್ನೆರಡು ರೂಢಿಗಳಿವೆ. ‘ಕರ್ತೃ’ ಎಂಬುದು ಕೆಲಸದ ಹೆಸರು, ‘ನಾಮಪದಗುಚ್ಛ’ ಎಂಬುದು ಜಾತಿಯ ಹೆಸರು; ಮರದ ಗಂಟಿನಲ್ಲಿ ಬರೆಯುವುದು ಜಾತಿಯನ್ನು. ಹಾಗೆಯೇ ಕ್ವರ್ಕ್ ಮತ್ತು ಸಂಗಡಿಗರ 1985ರ ವ್ಯಾಕರಣದ ವಿಂಗಡಣೆಯನ್ನು ಭಾಷಾವಿಜ್ಞಾನಿ ಚಾಮ್ಸ್ಕಿ ಪರಂಪರೆಯ ಮರದೊಳಗೆ ತುರುಕಬಾರದು. ಎರಡೂ ಗಟ್ಟಿ ಕೆಲಸಗಳೇ, ಆದರೆ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ.

ಕನ್ನಡವನ್ನು ಪಕ್ಕದಲ್ಲಿಟ್ಟುಕೊಳ್ಳಿ. ‘ಮನೆಯ ಒಳಗೆ’ ಎನ್ನುವಲ್ಲಿ ಸಂಬಂಧ ಸೂಚಿಸುವ ಪದ ಕೊನೆಗೆ, ‘ಇನ್‌ಸೈಡ್ ದ ಹೌಸ್’ ಎನ್ನುವಲ್ಲಿ ಮೊದಲಿಗೆ. ‘ನಾನು ನಿನ್ನೆ ಓದಿದ ಪುಸ್ತಕ’ದಲ್ಲಿ ವಿಶೇಷಣ ವಾಕ್ಯ ನಾಮಪದಕ್ಕೆ ಮೊದಲು, ಇಂಗ್ಲಿಷಿನಲ್ಲಿ ನಂತರ. ಒಂದು ವಾಕ್ಯದ ಎರಡು ಮರ ಬಿಡಿಸಿ ಅಕ್ಕಪಕ್ಕ ಇಟ್ಟರೆ ಕನ್ನಡಿಯ ಬಿಂಬದಂತೆ ಕಾಣುತ್ತವೆ. ಈ ವಿಷಯದಲ್ಲಿ ಇಷ್ಟು ಚೆಂದದ ನೋಟ ಬೇರೆ ಇಲ್ಲ ಎಂದು ನಮಗನ್ನಿಸುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವನು. ನನ್ನ ಇಂಗ್ಲಿಷ್ ಮಾತು ತಡವರಿಸುತ್ತದೆ. ಈ ಕೋರ್ಸು ನನಗೆ ಆಗುತ್ತದೆಯೇ? (ಯಾದಗಿರಿ)

ಆಗುತ್ತದೆ. ಇದು ಇಂಗ್ಲಿಷನ್ನು ಚೆನ್ನಾಗಿ ಮಾತಾಡಲು ಕಲಿಸುವ ಕೋರ್ಸಲ್ಲ, ಇಂಗ್ಲಿಷ್ ಹೇಗೆ ನಡೆಯುತ್ತದೆ ಎಂದು ಬಿಡಿಸಿ ನೋಡುವ ಕೋರ್ಸು. ನಿಜವಾದ ಕಷ್ಟ ಓದಿನ ವೇಗದ್ದು. ವಾರಕ್ಕೆ ಮೂರು ನಾಲ್ಕು ಲೇಖನ ಕೊಡುತ್ತಾರೆ, ಪ್ರತಿ ಸಾಲಿಗೂ ನಿಘಂಟು ತೆರೆದರೆ ಮುಗಿಯುವುದಿಲ್ಲ. ಮೊದಲು ಸಾರಾಂಶ, ಆಮೇಲೆ ಉದಾಹರಣೆಯ ವಾಕ್ಯಗಳು, ಕೊನೆಗೆ ನಡುವಿನ ವಾದ ಎಂಬ ಕ್ರಮದಲ್ಲಿ ಓದಿ. ಮುಗಿದ ಮೇಲೆ ವಾದವನ್ನು ಐದು ಸಾಲು ಕನ್ನಡದಲ್ಲಿ ಬರೆದಿಡಿ. ಕನ್ನಡದಲ್ಲಿ ಹೇಳಲು ಬಂದರೆ ಅರ್ಥವಾಗಿದೆ ಎಂದೇ ಲೆಕ್ಕ.

ಕನ್ನಡಿಗರ ಇಂಗ್ಲಿಷ್ ಸ್ವರಗಳ ಮೇಲೆ ಡಿಸರ್ಟೇಷನ್ ಮಾಡಬೇಕೆಂದಿದ್ದೇನೆ. ಎಷ್ಟು ಜನರ ದನಿ ಮುದ್ರಿಸಬೇಕು? ಮೊಬೈಲ್ ಸಾಕೇ? (ಮೈಸೂರು)

‘ಕನ್ನಡಿಗರ ಇಂಗ್ಲಿಷ್ ಸ್ವರಗಳು’ ಎಂಬುದು ಹತ್ತು ಡಿಸರ್ಟೇಷನ್ನಿನಷ್ಟು ಅಗಲ. ಒಂದೇ ಜೋಡಿ ಹಿಡಿಯಿರಿ: ‘ಬೆಟ್’ ಮತ್ತು ‘ಬ್ಯಾಟ್’. ಮಾತುಗಾರರು ಇವೆರಡನ್ನು ನಾಲಗೆಯ ಎತ್ತರದಿಂದ ಬೇರ್ಪಡಿಸುತ್ತಾರೋ, ಉದ್ದದಿಂದಲೋ, ಎರಡರಿಂದಲೋ? ಇಷ್ಟೇ ಪ್ರಶ್ನೆ, ಒಂದು ಸೆಮಿಸ್ಟರಿಗೆ ಧಾರಾಳ.

ಪದಗಳ ಆಯ್ಕೆಯಲ್ಲೇ ಅರ್ಧ ಗೆಲುವಿದೆ. ಮುಂದೆ ಘೋಷ ವ್ಯಂಜನ ಬಂದರೆ ಇಂಗ್ಲಿಷ್ ಸ್ವರ ಉದ್ದವಾಗುತ್ತದೆ, ಆದ್ದರಿಂದ ‘ಬೆಟ್’ ಪದವನ್ನು ‘ಬ್ಯಾಡ್’ ಜೊತೆ ಹೋಲಿಸಬಾರದು. ‘ಪೆನ್–ಪ್ಯಾನ್’ ಬೇಡ, ಅನುನಾಸಿಕವು ಸ್ವರದ ಅಳತೆಯನ್ನು ಕೆಡಿಸುತ್ತದೆ. ‘ಟ್ರೆಕ್–ಟ್ರ್ಯಾಕ್’ ಕೂಡ ಬೇಡ, ರಕಾರದ ನೆರಳು ಬೀಳುತ್ತದೆ. ಬೆಟ್–ಬ್ಯಾಟ್, ಪೆಟ್–ಪ್ಯಾಟ್, ಸೆಟ್–ಸ್ಯಾಟ್, ವೆಟ್–ವ್ಯಾಟ್, ಪೆಕ್–ಪ್ಯಾಕ್, ಬೆಡ್–ಬ್ಯಾಡ್, ಸೆಡ್–ಸ್ಯಾಡ್, ಹೆಡ್–ಹ್ಯಾಡ್, ಬೆಗ್–ಬ್ಯಾಗ್, ಗೆಸ್–ಗ್ಯಾಸ್: ಹತ್ತು ಜೋಡಿ, 20 ಪದ. ಪ್ರತಿ ಪದ 3 ಸಲ, 10 ಜನ ಎಂದರೆ 600 ಅಳತೆ. ಒಂದಕ್ಕೆ 2 ನಿಮಿಷ ಹಿಡಿದರೂ 20 ಗಂಟೆಯ ಕೆಲಸ. ಪದಗಳನ್ನು ‘ಸೇ ಬೆಟ್ ಅಗೇನ್’ ಎಂಬಂಥ ಒಂದೇ ಚೌಕಟ್ಟಿನಲ್ಲಿ ಓದಿಸಿ. ಪಟ್ಟಿಯಂತೆ ಓದಿಸಿದರೆ ಪ್ರತಿ ಪದದ ಕೊನೆಗೆ ರಾಗ ಇಳಿದು ಸ್ವರ ಎಳೆಯುತ್ತದೆ. ಜೋಡಿಗಳು ಅಕ್ಕಪಕ್ಕ ಬಾರದಂತೆ ಕಲಸಿ, ನಡುವೆ ಬೇರೆ ಪದಗಳನ್ನೂ ಸೇರಿಸಿ. ಇಲ್ಲದಿದ್ದರೆ ಓದುವವರಿಗೆ ನೀವು ಏನು ಹುಡುಕುತ್ತಿದ್ದೀರಿ ಎಂದು ತಿಳಿದು, ಬೇಕೆಂದೇ ಒತ್ತಿ ಹೇಳುತ್ತಾರೆ.

ಮೊಬೈಲಿನಲ್ಲಿ ಸಂಕುಚಿತಗೊಳಿಸದ ವೇವ್ ಫೈಲ್ ಮುದ್ರಿಸುವ ಆ್ಯಪ್ ಇದ್ದರೆ ನಡೆಯುತ್ತದೆ: 44,100 ಹರ್ಟ್ಜ್, 16 ಬಿಟ್, ಮೊನೊ. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಮಾತ್ರ ಬೇಡವೇ ಬೇಡ. ಗಾತ್ರ ಇಳಿಸಲು ಅದು ಧ್ವನಿಯ ವಿವರಗಳನ್ನು ಬಿಸಾಡುತ್ತದೆ, ಒಮ್ಮೆ ಹೋದದ್ದು ಮರಳಿ ಬರುವುದಿಲ್ಲ. ಫ್ಯಾನ್, ಫ್ರಿಜ್ ಆಫ್ ಮಾಡಿ. ಖಾಲಿ ತರಗತಿ ಗುಂಯ್‌ಗುಡುತ್ತದೆ, ಹಾಸಿಗೆ ಪರದೆ ಇರುವ ಚಿಕ್ಕ ಕೋಣೆ ಮೇಲು. ಮೈಕ್ ಬಾಯಿಂದ 15–20 ಸೆಂಟಿಮೀಟರ್ ದೂರ, ಸ್ವಲ್ಪ ಓರೆಯಾಗಿ ಇರಲಿ, ಪಕಾರದ ಗಾಳಿ ನೇರ ಬಡಿಯದಂತೆ.

ಅಳೆಯಲು ಪ್ರಾಟ್ ಸಾಕು. ಆಮ್‌ಸ್ಟರ್‌ಡ್ಯಾಮಿನ ಪೌಲ್ ಬುರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ ಉಚಿತ ತಂತ್ರಾಂಶ ಅದು. ಫಾರ್ಮಂಟ್ ಎಂದರೆ ಬಾಯಿ, ಗಂಟಲಿನ ಆಕಾರದಿಂದ ಸ್ವರದಲ್ಲಿ ಎದ್ದು ಕಾಣುವ ಆವರ್ತನ. ಫಾರ್ಮಂಟ್ ಸೆಟ್ಟಿಂಗಿನಲ್ಲಿ 5 ಫಾರ್ಮಂಟ್ ಇಟ್ಟು, ಗರಿಷ್ಠ ಮಿತಿಯನ್ನು ವಯಸ್ಕ ಗಂಡಸರಿಗೆ 5000 ಹರ್ಟ್ಜ್, ಹೆಂಗಸರಿಗೆ 5500 ಹರ್ಟ್ಜ್ ಮಾಡಿ. ಎಲ್ಲರಿಗೂ ಒಂದೇ ಮಿತಿ ಬಿಟ್ಟರೆ ತಂತ್ರಾಂಶ ಇಲ್ಲದ ಫಾರ್ಮಂಟ್ ಹುಡುಕುತ್ತದೆ ಅಥವಾ ಇರುವ ಎರಡನ್ನು ಒಂದೆಂದು ಓದುತ್ತದೆ. ಕೆಂಪು ಚುಕ್ಕಿಗಳು ಸ್ಪೆಕ್ಟ್ರೋಗ್ರಾಮ್ ಎಂಬ ಧ್ವನಿಚಿತ್ರದ ಕಪ್ಪು ಪಟ್ಟಿಗಳ ಮೇಲೆ ಕೂತಿವೆಯೇ ಎಂದು ಕಣ್ಣಾರೆ ನೋಡದೆ ಯಾವ ಅಂಕಿಯನ್ನೂ ಬರೆದುಕೊಳ್ಳಬೇಡಿ. ಸ್ವರದ ನಡುಮಧ್ಯದಲ್ಲಿ ಅಳೆಯಿರಿ. ಬಾಯಿ ಹೆಚ್ಚು ತೆರೆದಷ್ಟೂ, ನಾಲಗೆ ಇಳಿದಷ್ಟೂ ಮೊದಲ ಫಾರ್ಮಂಟ್ ಏರುತ್ತದೆ. ಆದ್ದರಿಂದ ‘ಬ್ಯಾಟ್’ನ ಅಂಕಿ ‘ಬೆಟ್’ಗಿಂತ ಹೆಚ್ಚಿದ್ದರೆ ಎತ್ತರದಿಂದ ಬೇರ್ಪಡಿಸುತ್ತಿದ್ದಾರೆ ಎಂದರ್ಥ. ಗಂಡು ಹೆಣ್ಣು ದನಿಗಳನ್ನು ಸೇರಿಸಿ ನೋಡುವ ಮೊದಲು ಲೊಬಾನೊವ್ ವಿಧಾನದಂಥದ್ದರಿಂದ ಸಮಗೊಳಿಸಿ. ಇಲ್ಲದಿದ್ದರೆ ನೀವು ಅಳೆಯುವುದು ಗಂಟಲಿನ ಗಾತ್ರವನ್ನು.

600 ಅಳತೆ ಎಂದರೆ 600 ಸ್ವತಂತ್ರ ಸಾಕ್ಷಿಗಳಲ್ಲ, 10 ಜನರ ಸಾಕ್ಷಿ. ಎರಡು ಸರಾಸರಿಗಳನ್ನು ಹೋಲಿಸುವ ಸರಳ ಟಿ ಪರೀಕ್ಷೆಗೆ ಎಲ್ಲವನ್ನೂ ಹಾಕಿದರೆ ಇಲ್ಲದ ವ್ಯತ್ಯಾಸವೂ ಇದೆಯೆಂದು ಕಾಣುತ್ತದೆ. ಪ್ರತಿಯೊಬ್ಬರ ಸರಾಸರಿ ತೆಗೆದು ಜೋಡಿ ಪರೀಕ್ಷೆ ಮಾಡಿ, ಬಲ್ಲವರಿದ್ದರೆ ಆರ್ ತಂತ್ರಾಂಶದಲ್ಲಿ ಮಿಶ್ರ ಪರಿಣಾಮ ಮಾದರಿ ಹಾಕಿ.

ಇನ್ನು ‘ಕನ್ನಡಿಗರು’ ಎಂಬ ಪದ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಆಡುವವರು ಕನ್ನಡವನ್ನೂ ಮಾತೃಭಾಷೆಯಂತೆಯೇ ಆಡುತ್ತಾರೆ. ಮನೆಯ ಮಾತು, ಬೆಳೆದ ಊರು, ಹತ್ತನೆಯವರೆಗಿನ ಮಾಧ್ಯಮ ಮೂರನ್ನೂ ಕೇಳಿ ದಾಖಲಿಸಿ, ಸಾಧ್ಯವಾದಷ್ಟು ಒಂದೇ ಹಿನ್ನೆಲೆಯವರನ್ನು ಆರಿಸಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಹೆಸರಿನ ಬದಲು ಸಂಕೇತ ಬಳಸಿ, ವಿಭಾಗದ ನೈತಿಕ ಅನುಮತಿ ಮುದ್ರಣಕ್ಕೆ ಮೊದಲೇ ಕೈಗೆ ಬಂದಿರಲಿ. ಬರೆಯುವಾಗ ‘ತಪ್ಪು ಉಚ್ಚಾರಣೆ’ ಎಂಬ ಮಾತು ಎಲ್ಲೂ ಬೇಡ. ನೀವು ದಾಖಲಿಸುತ್ತಿರುವುದು ಒಂದು ಸಮುದಾಯ ತಲೆಮಾರುಗಳಿಂದ ಕಟ್ಟಿಕೊಂಡ ಧ್ವನಿವ್ಯವಸ್ಥೆಯನ್ನು. ಅದಕ್ಕೆ ಸಲ್ಲಬೇಕಾದ ಗೌರವ ಬರವಣಿಗೆಯಲ್ಲಿ ಕಾಣಬೇಕು.

‘ಡಿಸ್ಕಸ್ ಅಬೌಟ್’ ಎಂಬ ಭಾರತೀಯ ಬಳಕೆಯನ್ನು ಕಾರ್ಪಸ್ ಮೂಲಕ ನೋಡುವ ಯೋಚನೆ. ಎಲ್ಲಿಂದ ಆರಂಭಿಸಲಿ? (ಬೆಂಗಳೂರು)

ಕಾರ್ಪಸ್ ಎಂದರೆ ನಿಜ ಬಳಕೆಯ ಭಾಷೆಯ ಸಂಗ್ರಹ; ಅಂಥ ಒಂದು ಒಳ್ಳೆಯ ನಿಧಿ ನಮ್ಮ ನೆರೆಯಲ್ಲೇ ಇದೆ. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್.ವಿ. ಶಾಸ್ತ್ರಿ ಅವರ ಮುಂದಾಳತ್ವದಲ್ಲಿ ಕಟ್ಟಿದ ಕೊಲ್ಹಾಪುರ ಕಾರ್ಪಸ್: ತಲಾ 2,000 ಪದಗಳ 500 ಮಾದರಿ, ಒಟ್ಟು 10 ಲಕ್ಷ ಪದ, 1978ರ ಮುದ್ರಿತ ಭಾರತೀಯ ಇಂಗ್ಲಿಷ್. ಮಾತಿನ ಇಂಗ್ಲಿಷ್ ಬೇಕಾದರೆ ಅಂತರರಾಷ್ಟ್ರೀಯ ಇಂಗ್ಲಿಷ್ ಕಾರ್ಪಸ್ಸಿನ ಭಾರತೀಯ ಭಾಗ ನೋಡಿ. ಅದೂ 10 ಲಕ್ಷ ಪದಗಳದ್ದೇ, ಆದರೆ 500ರಲ್ಲಿ 300 ಮಾದರಿಗಳು ಮಾತಿನವು. ಅದೇ ಅಚ್ಚಿನ ಬ್ರಿಟಿಷ್ ಭಾಗವೂ ಇರುವುದರಿಂದ ಹೋಲಿಕೆ ನ್ಯಾಯವಾಗಿರುತ್ತದೆ. ಕೊಲ್ಹಾಪುರವನ್ನು ಅಮೆರಿಕದ ಬ್ರೌನ್ ಕಾರ್ಪಸ್ ಜೊತೆ ಹೋಲಿಸುವವರು ಒಂದು ನೆನಪಿಡಬೇಕು: ಬ್ರೌನ್‌ನ ಬರಹಗಳು 1961ರವು. ನಡುವೆ 17 ವರ್ಷದ ಅಂತರವಿದೆ, ಕಂಡ ವ್ಯತ್ಯಾಸ ದೇಶದ್ದೋ ಕಾಲದ್ದೋ ಎಂಬ ಪ್ರಶ್ನೆ ಏಳುತ್ತದೆ.

ಹುಡುಕಲು ಆಂಟ್‌ಕಾಂಕ್ ಎಂಬ ತಂತ್ರಾಂಶ ಉಚಿತ. ‘ಡಿಸ್ಕಸ್ ಅಬೌಟ್’ ಎಂದಷ್ಟೇ ಹುಡುಕಿದರೆ ‘ಡಿಸ್ಕಸ್ಡ್’, ‘ಡಿಸ್ಕಸಿಂಗ್’, ‘ಡಿಸ್ಕಸಸ್’ ತಪ್ಪಿಹೋಗುತ್ತವೆ. ಬುಡವನ್ನು ಮಾತ್ರ ಕೊಟ್ಟರೆ ‘ಡಿಸ್ಕಷನ್ ಅಬೌಟ್’ ಬಂದು ಸೇರುತ್ತದೆ, ಅದು ಎಲ್ಲ ಕಡೆಯೂ ಸಹಜ ಬಳಕೆ. ‘ಡಿಸ್ಕಸ್ಡ್ ಅಬೌಟ್ ಟೆನ್ ಇಷ್ಯೂಸ್’ ಎಂಬಲ್ಲಿ ‘ಅಬೌಟ್’ ಎಂದರೆ ‘ಸುಮಾರು’ ಇರಬಹುದು. ಆದ್ದರಿಂದ ಸಿಕ್ಕ ಪ್ರತಿ ಸಾಲನ್ನೂ ಕಣ್ಣಿಂದ ಓದಲೇಬೇಕು. ‘ಐ ಆ್ಯಮ್ ಹ್ಯಾವಿಂಗ್’ ಹುಡುಕುವವರಿಗೂ ಇದೇ ಮಾತು: ‘ಹ್ಯಾವಿಂಗ್ ಲಂಚ್’ ಎಲ್ಲರದ್ದು, ‘ಹ್ಯಾವಿಂಗ್ ಎ ಕಾರ್’ ಮಾತ್ರ ನಿಮ್ಮ ದತ್ತಾಂಶ.

ಬರಿಯ ಎಣಿಕೆ ಕೊಡಬೇಡಿ. 6 ಲಕ್ಷ ಪದಗಳಲ್ಲಿ 24 ಸಲ ಎಂದರೆ 10 ಲಕ್ಷಕ್ಕೆ 40. 4 ಲಕ್ಷದಲ್ಲಿ 24 ಎಂದರೆ 10 ಲಕ್ಷಕ್ಕೆ 60. ಎರಡು ಎಣಿಕೆಗಳ ವ್ಯತ್ಯಾಸ ಆಕಸ್ಮಿಕವೇ ಎಂದು ತೂಗುವ ಲಾಗ್ ಲೈಕ್ಲಿಹುಡ್ ಅಂಕಿ 3.84 ದಾಟಿದರೆ ಶೇ 5ರ ಮಟ್ಟದಲ್ಲಿ ವ್ಯತ್ಯಾಸವಿದೆ ಎನ್ನುತ್ತಾರೆ. ಆದರೆ 24ರಲ್ಲಿ 15 ಒಬ್ಬನೇ ಮಾತುಗಾರನವಾದರೆ ಆ ಅಂಕಿಗೆ ಬೆಲೆಯಿಲ್ಲ, ಎಷ್ಟು ಮಾದರಿಗಳಲ್ಲಿ ಹರಡಿದೆ ಎಂದೂ ಕೊಡಿ. ಪತ್ರಿಕೆಗಳಿಂದ ಸ್ವಂತ ಸಂಗ್ರಹ ಮಾಡುವವರು ಸುದ್ದಿಸಂಸ್ಥೆಯ ಒಂದೇ ವರದಿ ನಾಲ್ಕು ಕಡೆ ಬಂದಿರುವುದನ್ನು ಮೊದಲು ತೆಗೆದು, ಫೈಲುಗಳನ್ನು ಯುಟಿಎಫ್-8ರಲ್ಲಿ ಉಳಿಸಿ.

ಜರ್ಮನಿಯಲ್ಲಿ ಇಂಗ್ಲಿಷ್ ಲಿಂಗ್ವಿಸ್ಟಿಕ್ಸ್ ಓದಲು ಏನೇನು ಬೇಕು? (ಮಂಗಳೂರು)

ಅಲ್ಲಿ ಸ್ನಾತಕೋತ್ತರ ಎಂದರೆ ಸಾಮಾನ್ಯವಾಗಿ 4 ಸೆಮಿಸ್ಟರ್, 120 ಕ್ರೆಡಿಟ್. ಪದವಿಯಲ್ಲಿ ಭಾಷಾವಿಜ್ಞಾನದ ಇಷ್ಟು ಕ್ರೆಡಿಟ್ ಇರಲೇಬೇಕು ಎಂದು ಹಲವು ವಿಶ್ವವಿದ್ಯಾಲಯಗಳು ಕೇಳುತ್ತವೆ, ಅರ್ಜಿಗಳು ಬೀಳುವುದು ಅಲ್ಲಿ. ನಮ್ಮ ಅಂಕಪಟ್ಟಿಯಲ್ಲಿ ‘ಐಚ್ಛಿಕ ಇಂಗ್ಲಿಷ್ ಪತ್ರಿಕೆ 5’ ಎಂದಷ್ಟೇ ಇದ್ದರೆ ಅವರಿಗೆ ಒಳಗೇನಿದೆ ತಿಳಿಯದು. ಪಠ್ಯಕ್ರಮದ ಪ್ರತಿಗೆ ಕಾಲೇಜಿನ ಮೊಹರು ಹಾಕಿಸಿ, ಯಾವ ಘಟಕದಲ್ಲಿ ಧ್ವನಿವಿಜ್ಞಾನ, ಯಾವುದರಲ್ಲಿ ವಾಕ್ಯರಚನೆ ಎಂದು ಗುರುತಿಸಿ ಜೊತೆಗಿಡಿ. ಭಾರತೀಯ ವಿದ್ಯಾರ್ಥಿಗಳಿಗೆ 2022ರ ನವೆಂಬರಿನಿಂದ ಎಪಿಎಸ್ ಪ್ರಮಾಣಪತ್ರ (ನಮ್ಮ ಅಂಕಪಟ್ಟಿಗಳನ್ನು ಪರಿಶೀಲಿಸಿ ಕೊಡುವಂಥದ್ದು) ಕಡ್ಡಾಯ. ಅದು ಕೈಸೇರಲು ವಾರಗಳೇ ಹಿಡಿಯುವುದರಿಂದ ಮೊದಲು ಅದಕ್ಕೇ ಅರ್ಜಿ ಹಾಕಿ. ವೀಸಾಕ್ಕೆ ನಿರ್ಬಂಧಿತ ಖಾತೆಯಲ್ಲಿ (ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಬ್ಯಾಂಕ್ ಖಾತೆ) ವರ್ಷದ ಖರ್ಚು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದ ಮೊತ್ತ 11,904 ಯೂರೊ. ಬಹಳಷ್ಟು ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೊ. ಬ್ರಿಟನ್ನಿನದು ಬೇರೆ ಲೆಕ್ಕ: ಒಂದೇ ವರ್ಷ, 180 ಕ್ರೆಡಿಟ್, ಶುಲ್ಕ ದುಬಾರಿ.

ಪಾಠ ಮಾಡುವುದು ಬಿಟ್ಟರೆ ಬೇರೆ ಏನು ಕೆಲಸ ಸಿಗುತ್ತದೆ? (ಬಳ್ಳಾರಿ)

ಮೊದಲು ಸಂಶೋಧನೆ. ಎಂ.ಎ.ಯಲ್ಲಿ ಶೇ 55, ಮೀಸಲಾತಿ ವರ್ಗಗಳಿಗೆ ಶೇ 50 ಇದ್ದರೆ ನೆಟ್ ಬರೆಯಬಹುದು. ಎರಡು ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ, 3 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ.

ಎರಡನೆಯದು ಭಾಷಾ ತಂತ್ರಜ್ಞಾನ. ಮೈಸೂರಿನ ಭಾಷಾ ಸಂಸ್ಥಾನದ ಭಾರತೀಯ ಭಾಷೆಗಳ ದತ್ತಾಂಶ ಯೋಜನೆ, ಕೇಂದ್ರ ಸರ್ಕಾರದ ಅನುವಾದ ಯೋಜನೆ ಭಾಷಿಣಿ, ಮದ್ರಾಸ್ ಐಐಟಿಯ ಸಂಶೋಧನಾ ಕೇಂದ್ರ ಎಐಫೋರ್‌ಭಾರತ್ ಮೊದಲಾದ ಕಡೆ ಧ್ವನಿ ಬರಹಗಳನ್ನು ಗುರುತು ಹಾಕಿ ಜೋಡಿಸುವ, ಅನುವಾದದ ಗುಣಮಟ್ಟ ತೂಗುವ ಕೆಲಸಗಳಿವೆ. ಹೆಚ್ಚಿನವು ಗುತ್ತಿಗೆಯವು ಎಂದು ತಿಳಿದೇ ಸೇರಿ. ಅಲ್ಲಿ ಪದವಿಗಿಂತ ಕೈಕೆಲಸದ ಮಾದರಿ ನೋಡುತ್ತಾರೆ. 200 ವಾಕ್ಯ ತೆಗೆದುಕೊಂಡು ಪ್ರತಿ ಪದಕ್ಕೂ ವ್ಯಾಕರಣದ ಗುರುತು ಹಾಕಿ, ನೀವು ಅನುಸರಿಸಿದ ನಿಯಮಗಳನ್ನು ಎರಡು ಪುಟದಲ್ಲಿ ಬರೆಯಿರಿ. ಗೆಳೆಯರೊಬ್ಬರಿಂದ ಅದೇ ವಾಕ್ಯಗಳಿಗೆ ಬೇರೆಯಾಗಿ ಗುರುತು ಹಾಕಿಸಿ, ಇಬ್ಬರೂ ಎಲ್ಲೆಲ್ಲಿ ಒಪ್ಪಿದಿರಿ, ಎಲ್ಲಿ ಒಪ್ಪಲಿಲ್ಲ, ಏಕೆ ಎಂದು ಪಟ್ಟಿ ಮಾಡಿ. ಪೈಥಾನ್ ಸ್ವಲ್ಪ ಬಂದರೆ ಆ ಹೋಲಿಕೆಯನ್ನು ಅದರಲ್ಲೇ ಮಾಡಿ. ಅರ್ಜಿಯ ಜೊತೆ ಈ ಮಾದರಿಯನ್ನೂ ಲಗತ್ತಿಸಿ.